ಬೇಟೆಗಾರನ ಚೀಲ ಬೇರೆ, ಕಾವಲಿನವನ ಚೀಲ ಬೇರೆ

ದೀಪಾವಳಿ ಕಳೀತು. ಗದ್ದೇಲಿ ತೆನೆ ಬಾಗ್ತಾ ಇದೆ. ಭತ್ತದ ವಾಸನೆ ಹಿಡ್ಕೊಂಡು ಆನೆಗಳು ಕಾಫಿ ತೋಟದಿಂದ ಗದ್ದೆ ಬಯಲಿಗೆ ಇಳಿಯೋ ಕಾಲ ಇದು. ಕುಯ್ಲು ಮುಗಿಯೋ ತನಕ ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆ ಎಷ್ಟೋ ಮನೆಯವರಿಗೆ ರಾತ್ರಿ ಅಂದ್ರೆ ಕಾವಲು. ಬೇಲಿ ಬಗ್ಗೆ, ಪರಿಹಾರದ ಅರ್ಜಿ ಬಗ್ಗೆ ಹಿಂದೆ ಬರೆದಿದ್ದೀನಿ. ಇವತ್ತು ಯಾರೂ ಲೆಕ್ಕಕ್ಕೆ ತಗೊಳ್ಳದ ಒಂದು ವಸ್ತುವಿನ ಬಗ್ಗೆ ಬರೀತೀನಿ. ಕಾವಲಿಗೆ ಹೋಗುವಾಗ ಬೆನ್ನಿಗೆ ಹಾಕ್ಕೊಳ್ಳೋ ಚೀಲ.

ಯಾಕೆ ಅಂದ್ರೆ, ನಮ್ಮೂರ ಹುಡುಗರು ಈಗೀಗ ಆನ್‌ಲೈನಲ್ಲಿ ಹಂಟಿಂಗ್ ಬ್ಯಾಗ್ ತರಿಸ್ತಾ ಇದ್ದಾರೆ. ಎಲೆ, ತೊಗಟೆ ಚಿತ್ರ ಇರೋ ಬಟ್ಟೆ, ಹತ್ತಾರು ಪಟ್ಟಿ, ಹತ್ತಾರು ಜೇಬು. ನೋಡೋಕೆ ಮಿಲಿಟರಿಯವರ ಥರ ಇರುತ್ತೆ. ಅದನ್ನ ಹಾಕ್ಕೊಂಡು ರಾತ್ರಿ ಗದ್ದೆ ಬದಿಗೆ ಹೋಗ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಆ ಚೀಲ ಕೆಟ್ಟದ್ದಲ್ಲ, ಆದ್ರೆ ನಮ್ಮ ಕೆಲಸಕ್ಕೆ ಆಗೋದಲ್ಲ. ನಮ್ಮ ಕೆಲಸಕ್ಕೆ ಅದು ಅಪಾಯ.

ಮೊದಲು ಆ ಚೀಲ ಯಾಕೆ ಹಾಗಿದೆ ಅಂತ ತಿಳ್ಕೋಬೇಕು. ನಮ್ಮ ಅಕ್ಕನ ಮಗ ಅಮೆರಿಕದ ಕೊಲರಾಡೋದಲ್ಲಿದ್ದಾನೆ. ಅಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು, ಕಾಲ ಗೊತ್ತುಮಾಡಿ ಬೇಟೆಗೆ ಬಿಡ್ತದೆ. ಅವನ ಜೊತೆ ಕೆಲಸ ಮಾಡೋರು ಎಲ್ಕ್ ಬೇಟೆಗೆ ಹೋಗ್ತಾರೆ. ಎಲ್ಕ್ ಅಂದ್ರೆ ನಮ್ಮ ಕಡವೆಗಿಂತಲೂ ದೊಡ್ಡ ಜಿಂಕೆ ಜಾತಿ. ಒಂದು ಗಂಡು ಎಲ್ಕ್ ಕೆಡವಿದ್ರೆ ಮೂಳೆ ಬಿಟ್ಟು ಬರೀ ಮಾಂಸವೇ 90 ಕಿಲೋ ಹತ್ತಿರ ಬರುತ್ತೆ. ತಿನ್ನೋ ಮಾಂಸವನ್ನ ಕಾಡಲ್ಲೇ ಬಿಟ್ಟು ಬರೋದು ಅಲ್ಲಿ ಅಪರಾಧ. ಜೀಪು ಹೋಗದ ಬೆಟ್ಟದಿಂದ ಅದನ್ನ ಬೆನ್ನ ಮೇಲೇ ಇಳಿಸಬೇಕು, ಒಬ್ಬನೇ ಆದ್ರೆ ಮೂರ್ನಾಲ್ಕು ಸಲ ಹತ್ತಿ ಇಳಿದು. ಅದಕ್ಕೇ ಅವರ ಚೀಲದ ಬೆನ್ನಿಗೆ ಗಟ್ಟಿ ಚೌಕಟ್ಟು, ಸೊಂಟಕ್ಕೆ ಅಗಲವಾದ ಬೆಲ್ಟು. ಭಾರ ಹೆಗಲಿಂದ ಸೊಂಟಕ್ಕೆ ಇಳಿಯಲಿ ಅಂತ. ಬೆಳಗ್ಗೆ ಹೋಗುವಾಗ ಖಾಲಿ ಇದ್ದ ಚೀಲ ಸಂಜೆ 25-30 ಕಿಲೋ ಹೊರಬೇಕು. ಒಳ್ಳೇ ಚೀಲಕ್ಕೆ 300 ಡಾಲರಿಗೂ ಮೇಲೆ ಕೊಡ್ತಾರಂತೆ. ಕೊಡಲಿ, ಅವರ ಕೆಲಸಕ್ಕೆ ಅದು ಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋ ಮಾತೇ ಇಲ್ಲ. ನಾವು ಹೋಗೋದು ಪ್ರಾಣಿ ಹೊಡೆಯೋಕಲ್ಲ, ಅದು ಬಂದಿದ್ದು ಗೊತ್ತಾಗಲಿ ಅಂತ. ಹೊತ್ತು ತರೋಕೆ ಏನೂ ಇಲ್ಲ. ವಾಪಸ್ ತರಬೇಕಾದ್ದು ಒಂದೇ, ನಮ್ಮ ಜೀವ. ಚೀಲ ಆರಿಸುವಾಗ ಈ ಮಾತು ತಲೇಲಿದ್ರೆ ಮಿಕ್ಕಿದ್ದೆಲ್ಲಾ ಸುಲಭ.

ಈಗ ಒಂದೊಂದಾಗಿ ನೋಡೋಣ.

ಬಣ್ಣ. ಇದಕ್ಕೇ ನನ್ನ ತಕರಾರು ಜಾಸ್ತಿ. ಎಲೆ ಚಿತ್ರದ ಬಟ್ಟೆ ಇರೋದು ಕಾಣದೇ ಇರೋಕೆ. ರಾತ್ರಿ ನಾವು ಯಾರಿಂದ ಬಚ್ಚಿಟ್ಕೋಬೇಕು? ಆನೆಯಿಂದಲೋ? ಆನೆಗೆ ಕಣ್ಣಿಗಿಂತ ಮೂಗು ದೊಡ್ಡದು. ಆಫ್ರಿಕಾದ ಆನೆಗಳಲ್ಲಿ ವಾಸನೆ ಹಿಡಿಯೋ ಜೀನುಗಳು ಸುಮಾರು 2000 ಇವೆ, ನಾಯಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಗಾಳಿ ನಿಮ್ಮ ಕಡೆಯಿಂದ ಬೀಸ್ತಾ ಇದ್ರೆ ಯಾವ ಎಲೆ ಚಿತ್ರವೂ ನಿಮ್ಮನ್ನ ಮುಚ್ಚಲ್ಲ. ಆ ಚೀಲದಿಂದ ನೀವು ಮರೆಯಾಗೋದು ಪಕ್ಕದ ಗದ್ದೆಯವನ ಕಣ್ಣಿಗೆ ಮಾತ್ರ. ಅವನ ಕೈಲಿ ಕೋವಿ ಇರಬಹುದು. ಹಂದಿ ಅಂತ ತಿಳಿದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ. ಅರಣ್ಯ ಇಲಾಖೆಯವರ ಜೀಪು ಬಂದ್ರೂ ಅಷ್ಟೇ, ಕಾಡಂಚಲ್ಲಿ ರಾತ್ರಿ ಆ ವೇಷದಲ್ಲಿರೋನನ್ನ ಕಂಡ್ರೆ ಮೊದಲು ಅನುಮಾನ, ಆಮೇಲೆ ಮಾತು.

ಬೇಟೆ ಆಡೋ ದೇಶದಲ್ಲೇ ಏನು ಮಾಡ್ತಾರೆ ಕೇಳಿ. ಕೊಲರಾಡೋದಲ್ಲಿ ರೈಫಲ್ ಹಿಡಿದು ದೊಡ್ಡ ಪ್ರಾಣಿ ಬೇಟೆಗೆ ಹೋಗೋನು ಮೈಮೇಲೆ 500 ಚದರ ಇಂಚು ಹೊಳೆಯೋ ಕಿತ್ತಳೆ ಅಥವಾ ಗುಲಾಬಿ ಬಣ್ಣ ಹಾಕಲೇಬೇಕು ಅಂತ ಕಾನೂನಿದೆ. ತಲೆ ಮೇಲೂ ಅದೇ ಬಣ್ಣ ಇರಬೇಕು. ಜಿಂಕೆ ಜಾತಿಗೆ ಆ ಕಿತ್ತಳೆ ನಮಗೆ ಕಂಡಂಗೆ ಎದ್ದು ಕಾಣಲ್ಲ, ಮನುಷ್ಯನಿಗೆ ಮಾತ್ರ ಮೈಲಿ ದೂರಕ್ಕೆ ಕಾಣುತ್ತೆ. ಅಂದ್ರೆ ಬೇಟೆಗಾರನೂ ಇನ್ನೊಬ್ಬ ಬೇಟೆಗಾರನಿಗೆ ಕಾಣೋ ಥರ ಇರಬೇಕು ಅಂತ ಅವರು ಕಾನೂನು ಮಾಡ್ಕೊಂಡಿದ್ದಾರೆ. ಅಲ್ಲಿಂದ ನಾವು ಚೀಲದ ಚಿತ್ರ ತಂದ್ವಿ, ಆ ಬುದ್ಧಿ ತರಲಿಲ್ಲ.

ಹಾಗಾಗಿ ನಮ್ಮ ಚೀಲ ಹಳದಿನೋ ಕಿತ್ತಳೆನೋ ಇರಲಿ. ಇದ್ದ ಚೀಲವೇ ಸಾಕು ಅನ್ನೋರು ಅದರ ಹಿಂದೆ, ಎರಡೂ ಪಟ್ಟಿ ಮೇಲೆ ಹೊಳೆಯೋ ರಿಫ್ಲೆಕ್ಟರ್ ಪಟ್ಟಿ ಹೊಲಿಸ್ಕೊಳ್ಳಿ. ರಸ್ತೆ ಕೆಲಸದವರ ಕೋಟಿನ ಮೇಲೆ ಇರುತ್ತಲ್ಲ, ಅದು. "ಹೊಳೆದ್ರೆ ಆನೆ ನೋಡ್ಕೊಂಡು ಮೈಮೇಲೆ ಬರಲ್ವಾ?" ಅಂತ ನಮ್ಮ ಪಕ್ಕದ ಗದ್ದೆಯವರು ಕೇಳಿದ್ರು. ಆ ಪಟ್ಟಿ ತಾನಾಗಿ ಬೆಳಗಲ್ಲ ಅಣ್ಣ. ಬೆಳಕು ಎಲ್ಲಿಂದ ಬಂತೋ ಆ ಕಡೆಗೇ ವಾಪಸ್ ಕಳಿಸುತ್ತೆ. ಟಾರ್ಚ್ ಹಿಡಿದವನಿಗೆ, ಜೀಪಿನ ಡ್ರೈವರಿಗೆ ಅದು ಕಾಣುತ್ತೆ. ಆನೆ ಕೈಲಿ ಟಾರ್ಚಿಲ್ಲ.

ಸದ್ದು. ಇದು ಮಾತ್ರ ಬೇಟೆಗಾರರಿಂದ ಕಲಿಯೋ ವಿಷಯ. ಅವರು ಚೀಲ ಕೊಳ್ಳುವಾಗ ಬಟ್ಟೆಯನ್ನ ಉಗುರಲ್ಲಿ ಕೆರೆದು ನೋಡ್ತಾರಂತೆ. ಒರಟು ನೈಲಾನ್ ಆದ್ರೆ ಗಿಡಕ್ಕೆ ತಾಗಿದಾಗೆಲ್ಲಾ ಸರಕ್ ಅನ್ನುತ್ತೆ. ಪ್ರಾಣಿಗೆ ಕೇಳಬಾರದು ಅಂತ ಅವರು ಮೆತ್ತನೆ ಬಟ್ಟೆ ಹುಡುಕ್ತಾರೆ. ನಮಗೂ ಮೆತ್ತನೆ ಬಟ್ಟೆಯೇ ಬೇಕು, ಕಾರಣ ಮಾತ್ರ ಉಲ್ಟಾ. ನಮ್ಮ ಸದ್ದು ಆನೆಗೆ ಕೇಳಿದ್ರೆ ಪರವಾಗಿಲ್ಲ, ಆನೆ ಸದ್ದು ನಮಗೆ ಕೇಳಬೇಕು. ಅಷ್ಟು ದೊಡ್ಡ ಪ್ರಾಣಿ ಅಂಗಾಲು ಮೆತ್ತಗಿರೋದ್ರಿಂದ ಬೆಕ್ಕಿನ ಥರ ನಡೆಯುತ್ತೆ. ಕೊಂಬೆ ಮುರಿದ ಸದ್ದು, ಕಿವಿ ಬಡಿದ ಸದ್ದು, ಗಂಟಲಿನ ಗುಡುಗುಡು, ಇಷ್ಟೇ ನಮಗೆ ಸಿಗೋ ಸೂಚನೆ. ಬೆನ್ನ ಮೇಲೆ ಟಾರ್ಪಾಲ್ ಚೀಲ ಚರಚರ ಅಂತಿದ್ರೆ, ಒಳಗೆ ಸ್ಟೀಲ್ ಲೋಟ ಟಣ್ ಅಂತಿದ್ರೆ ಅದೂ ಹೋಯ್ತು. ದಪ್ಪ ಹತ್ತಿ ಕ್ಯಾನ್ವಾಸ್ ಒಳ್ಳೇದು. ಮಳೆ ಬಂದ್ರೆ ನೆನೆಯುತ್ತೆ ಅನ್ನೋದಾದ್ರೆ ಒಳಗಿನ ಸಾಮಾನನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಿ. ಚೀಲ ಬೆನ್ನಿಗೆ ಹಾಕ್ಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ಕುಣಿದು ನೋಡಿ. ಏನೂ ಅಲುಗಾಡಬಾರದು.

ಅಳತೆ ಮತ್ತು ಪಟ್ಟಿ. ಶಾಲೆ ಮಕ್ಕಳ ಚೀಲದಷ್ಟು, ಅಂದ್ರೆ 15ರಿಂದ 20 ಲೀಟರ್ ಸಾಕು. ದೊಡ್ಡದು ತಗೊಂಡ್ರೆ ಜಾಗ ಇದೆ ಅಂತ ತುಂಬ್ತೀವಿ, ಅದು ಮನುಷ್ಯನ ಬುದ್ಧಿ. ಎಲ್ಲಾ ಸೇರಿ 3 ಕಿಲೋ ದಾಟಬಾರದು. ಬಗಲು ಚೀಲ ಬೇಡ. ನಮ್ಮ ತಂದೆ ಕಾಲದವರು ಖಾಕಿ ಬಗಲು ಚೀಲವನ್ನೇ ಹಾಕ್ತಿದ್ರು, ನಿಜ. ಆದ್ರೆ ಅದು ಬಗ್ಗಿದಾಗ ಮುಂದಕ್ಕೆ ತೂಗುತ್ತೆ, ಕಾಫಿ ಗಿಡದ ರೆಕ್ಕೆಗೆ ಸಿಕ್ಕಾಕ್ಕೊಳ್ಳುತ್ತೆ. ಅಟ್ಟಣೆ ಏಣಿ ಹತ್ತೋಕೆ, ಬೇಲಿ ನುಸುಳೋಕೆ ಎರಡೂ ಕೈ ಖಾಲಿ ಇರಬೇಕು. ಎರಡು ಹೆಗಲಿಗೂ ಬರೋ ಅಗಲ ಪಟ್ಟಿಯೇ ಸರಿ.

ಸೊಂಟದ ಬೆಲ್ಟು ಮಾತ್ರ ಬೇಡವೇ ಬೇಡ. 25 ಕಿಲೋ ಹೊರೋನಿಗೆ ಅದು ಆಸರೆ, 3 ಕಿಲೋ ಹೊತ್ತ ನಮಗೆ ಅದು ಕುಣಿಕೆ. ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ಕೆಸರುಗದ್ದೆ ಬದುವಿನ ಮೇಲೆ, ಅದೂ ಕತ್ತಲಲ್ಲಿ, ನಮ್ಮಲ್ಲಿ ಯಾರು ಅಷ್ಟು ಓಡ್ತಾರೆ? ಅಟ್ಟಿಸ್ಕೊಂಡು ಬಂದಾಗ ಮೈಮೇಲಿನ ಟವಲ್ಲೋ ಚೀಲನೋ ಬಿಸಾಕಿದ್ರೆ ಕೆಲವು ಸಲ ಆನೆ ಅದನ್ನ ಮೂಸೋಕೆ, ತುಳಿಯೋಕೆ ನಿಲ್ಲುತ್ತೆ ಅಂತ ಕಾಡಿನ ವಾಚರುಗಳು ಹೇಳ್ತಾರೆ. ಅಷ್ಟೇ ಹೊತ್ತು ನಿಮಗೆ ಸಿಗೋದು. ಆಗ ಹೊಟ್ಟೆ ಮೇಲೊಂದು, ಎದೆ ಮೇಲೊಂದು ಬಕಲ್ ಹುಡುಕ್ತಾ ನಿಲ್ಲೋ ಹಾಗಿಲ್ಲ. ಹೆಗಲು ಕುಗ್ಗಿಸಿದ್ರೆ ಚೀಲ ತಾನಾಗಿ ಜಾರಬೇಕು. ಮನೇಲಿ ಹಾಕಿ ಬಿಚ್ಚಿ ಅಭ್ಯಾಸ ಮಾಡಿ. ಹೆಂಗಸರು ಮಕ್ಕಳು ನಗ್ತಾರೆ, ನಗಲಿ.

ಇದರಿಂದ ಇನ್ನೊಂದು ಮಾತು. ಬಿಸಾಕೋ ಚೀಲದೊಳಗೆ ಫೋನು, ದುಡ್ಡು, ಮನೆ ಬೀಗದ ಕೈ ಇಡಬಾರದು. ಫೋನು ಮೈಮೇಲಿನ ಜೇಬಲ್ಲಿ, ಟಾರ್ಚು ಕೈಲಿ, ಸೀಟಿ ಕುತ್ತಿಗೇಲಿ. ಚೀಲದ ಮೇಲೆ ಆಸೆ ಇದ್ದವನು ಅದನ್ನ ಬಿಡಲ್ಲ. ಸಾವಿರಾರು ಕೊಟ್ಟು ತಂದ ಚೀಲ ಅಂತೂ ಯಾವ ಹುಡುಗ ಬಿಸಾಕ್ತಾನೆ ಹೇಳಿ? ಅಗ್ಗದ ಚೀಲವೇ ಒಳ್ಳೇದು ಅನ್ನೋಕೆ ನನಗೆ ಇದೊಂದೇ ಕಾರಣ ಸಾಕು.

ಒಳಗೆ ಏನಿರಬೇಕು? ಒಂದು ಲೀಟರ್ ನೀರು. ಇನ್ನೊಂದು ಸಣ್ಣ ಟಾರ್ಚು, ಬೇರೆ ಸೆಲ್ಲು. ಪವರ್ ಬ್ಯಾಂಕು. ತೆಳು ಕಂಬಳಿ ಇಲ್ಲಾ ಸ್ವೆಟರು. ಮಳೆಗೆ ಪ್ಲಾಸ್ಟಿಕ್ ಹಾಳೆ. ಗಾಯಕ್ಕೆ ಕಟ್ಟೋ ಬಟ್ಟೆ, ಹತ್ತಿ. ಇಂಬಳಕ್ಕೆ ನಶ್ಯದ ಪುಡಿ. ಬೆಂಕಿಪೊಟ್ಟಣ ಬಿಗಿ ಮುಚ್ಚಳದ ಡಬ್ಬೀಲಿ. ಮುಗೀತು.

ಏನಿರಬಾರದು ಅನ್ನೋದು ಅದಕ್ಕಿಂತ ಮುಖ್ಯ. ಬಾಳೆಹಣ್ಣು, ಹಲಸು, ಬೆಲ್ಲ, ಉಪ್ಪು, ಸಾರಾಯಿ. ಅಕ್ಕಿಗೆ, ಉಪ್ಪಿಗೆ, ಹುಳಿ ಬಂದ ಹೆಂಡಕ್ಕೆ ಮನೆ ಗೋಡೆಯನ್ನೇ ಒಡೆಯೋ ಪ್ರಾಣಿ ಅದು. ನೀವು ಅದನ್ನ ಬೆನ್ನಿಗೆ ಕಟ್ಕೊಂಡು ಕೂತ್ರೆ ಕಾವಲು ಯಾರಿಗೆ? ಊಟ ಮನೇಲೇ ಮುಗಿಸಿ. ನಡುರಾತ್ರಿ ಹಸಿವಿಗೆ ಒಂದು ಹಿಡಿ ಹುರಿಗಡಲೆ ಡಬ್ಬೀಲಿರಲಿ. ಸಾರಾಯಿ ವಿಷಯ ವಾಸನೆಗೆ ಮಾತ್ರ ಹೇಳ್ತಿಲ್ಲ, ಗೊತ್ತಲ್ಲ.

ಹಣ್ಣಿನ ಚೀಲವನ್ನೇ ಕಾವಲಿಗೂ ತಗೊಂಡು ಹೋಗಬೇಡಿ. ಹಗಲು ಹಲಸು ಹೊತ್ತ ಚೀಲದ ವಾಸನೆ ನಿಮ್ಮ ಮೂಗಿಗೆ ಹೋಗಿರಬಹುದು, ಅದರ ಮೂಗಿಗೆ ಹೋಗಿರಲ್ಲ. ಕಾವಲಿನ ಚೀಲ ಅಂತಲೇ ಒಂದು ಬೇರೆ ಇರಲಿ, ಗೂಟಕ್ಕೆ ತೂಗುಹಾಕಿರಲಿ. ಬೆಳಗ್ಗೆ ಆರಕ್ಕೆ ಮಂಜಲ್ಲಿ ತೋಟದ ಕೆಲಸಕ್ಕೆ ನಡೆದು ಹೋಗೋ ಹೆಣ್ಣಾಳುಗಳಿಗೂ ಇದೇ ಮಾತು ಹೇಳ್ತೀನಿ. ಕತ್ತಲ ಕಾವಲಿಗಿಂತ ಆ ಹೊತ್ತಿನ ದಾರಿ ಏನೂ ಕಡಿಮೆ ಅಪಾಯದ್ದಲ್ಲ. ಅವರ ಬುತ್ತಿ ಚೀಲಕ್ಕೂ ಒಂದು ಹೊಳೆಯೋ ಪಟ್ಟಿ ಹೊಲಿಸಿಕೊಡೋದು ತೋಟದ ಯಜಮಾನರಿಗೆ ದೊಡ್ಡ ಖರ್ಚಲ್ಲ.

"ಇಷ್ಟೆಲ್ಲಾ ಹೇಳೋ ಬದಲು ಕಾವಲಿಗೇ ಹೋಗಬೇಡಿ ಅನ್ನಬಾರದಾ?" ಅಂತ ಕೇಳೋರಿದ್ದಾರೆ. ಅನ್ನಬಹುದು. ಆನೆ ಕಾರ್ಯಪಡೆಯವರು ಇಂಥ ಕಡೆ ಹಿಂಡು ಇದೆ ಅಂತ ಮೆಸೇಜು ಕಳಿಸಿದ ರಾತ್ರಿ ಹೋಗಲೇಬೇಡಿ, ಭತ್ತ ಹೋದ್ರೆ ಹೋಗಲಿ. ಆದ್ರೆ ಒಂದು ಎಕರೆ ಗದ್ದೇಲಿ ವರ್ಷದ ಅನ್ನ ಇಟ್ಟವನಿಗೆ ದಿನಾಲೂ ಮನೇಲಿ ಮಲಗು ಅಂದ್ರೆ ಕೇಳಲ್ಲ, ನಾನೇ ಕೇಳಲ್ಲ. ಹೋಗೋನು ಹೇಗೂ ಹೋಗ್ತಾನೆ. ಹಾಗಿದ್ದ ಮೇಲೆ ಬರೋ ದಾರಿ ಸರಿಮಾಡ್ಕೊಂಡು ಹೋಗಲಿ ಅನ್ನೋದಷ್ಟೇ ನನ್ನ ಮಾತು.

ಪೇಟೇಲಿ ಯಾವ ಟೈಲರಿಗಾದ್ರೂ ಹೇಳಿ, ಕ್ಯಾನ್ವಾಸ್ ಚೀಲ ಹೊಲಿದುಕೊಡ್ತಾರೆ. ಮನೇಲಿ ಮಕ್ಕಳ ಹಳೇ ಶಾಲೆ ಚೀಲ ಇದ್ರೆ ಅದೂ ಬೇಡ, ಪಟ್ಟಿ ಹೊಲಿಸಿದ್ರೆ ಸಾಕು. ಹುಡುಗರು ತರಿಸಿರೋ ಎಲೆ ಚಿತ್ರದ ಚೀಲ ಬೆಂಗಳೂರಿಗೆ ಬಸ್ ಹತ್ತುವಾಗ ಬೇಕಾದಷ್ಟು ಉಪಯೋಗಕ್ಕೆ ಬರುತ್ತೆ. ಗದ್ದೆಗೆ ಮಾತ್ರ ಬೇಡ. ಈ ವಾರವೇ ಮಾಡಿಸಿ, ತೆನೆ ಕಾಯಲ್ಲ.