ಕಾಡಂಚಿನ ಬೇಸಾಯಗಾರನಿಗೆ ತಕ್ಕ ನಾಯಿ

ಎತ್ತನ್ನು ಕೊಳ್ಳುವಾಗ ನಮ್ಮ ರೈತರು ತೋರಿಸುವ ಎಚ್ಚರಿಕೆಯು ಸಾಮಾನ್ಯವಾದುದಲ್ಲ. ಸುಳಿ, ಹಲ್ಲು, ಗೊರಸು, ನಡಿಗೆ, ಇವೆಲ್ಲವನ್ನೂ ನೋಡಿ, ನಾಲ್ಕು ಜನರನ್ನು ವಿಚಾರಿಸಿ, ನೊಗಕ್ಕೆ ಹೂಡಿ ಪರೀಕ್ಷಿಸಿದ ಹೊರತು ಯಾರೂ ಹಣವನ್ನು ಎಣಿಸಿಕೊಡುವುದಿಲ್ಲ. ಆದರೆ ಆ ಎತ್ತು ಕಟ್ಟಿರುವ ಕೊಟ್ಟಿಗೆಯನ್ನು ಕಾಯತಕ್ಕ ನಾಯಿಯ ವಿಷಯದಲ್ಲಿ ಈ ವಿವೇಚನೆಯು ಎಲ್ಲಿಯೋ ಮಾಯವಾಗುತ್ತದೆ. ಮಕ್ಕಳು ಬೀದಿಯಿಂದ ಎತ್ತಿಕೊಂಡು ಬಂದ ಮರಿಯೇ ಕೆಲವರ ಮನೆಯ ಕಾವಲುನಾಯಿ. ಪಟ್ಟಣದ ನಂಟರ ಮನೆಯಲ್ಲಿ ಕಂಡ ರೋಮಗಳ ಅಂದಕ್ಕೆ ಮರುಳಾಗಿ, ಸಾವಿರಾರು ರೂಪಾಯಿಗಳನ್ನು ತೆತ್ತು ತಂದ ಪ್ರಾಣಿಯು ಮತ್ತೆ ಕೆಲವರ ಮನೆಯ ಕಾವಲುನಾಯಿ. ಎರಡೂ ಆಯ್ಕೆಯಲ್ಲ, ಒಂದು ಅಲಕ್ಷ್ಯ, ಇನ್ನೊಂದು ಆಡಂಬರ.

ಈ ವಿಷಯವು ಹನೂರು ತಾಲ್ಲೂಕಿನ ಹೂಗ್ಯಂ ಸೀಮೆಯಲ್ಲಿ ವಿನೋದದ ಮಾತಾಗಿ ಉಳಿದಿಲ್ಲ. 2025ನೆಯ ಇಸವಿಯ ಜೂನ್ ತಿಂಗಳಲ್ಲಿ ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯಕ್ಕೆ ಸೇರಿದ ಮೀಣ್ಯಂ ಕಾಡಿನಲ್ಲಿ ಒಂದು ಹೆಣ್ಣುಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿಯು ಹಿಡಿದ ಹಸುವಿನ ಕಳೇಬರಕ್ಕೆ ವಿಷವನ್ನು ಬೆರೆಸಿದುದೇ ಇದಕ್ಕೆ ಕಾರಣವೆಂದು ತನಿಖೆಯಲ್ಲಿ ತಿಳಿದುಬಂದು, ಊರಿನವರೇ ಕೆಲವರು ಬಂಧಿತರಾದರು. ಹುಲಿಯನ್ನೇ ವಾಹನವಾಗಿ ಮಾಡಿಕೊಂಡ ಮಾದಪ್ಪನ ಬೆಟ್ಟದ ತಪ್ಪಲಿನಲ್ಲಿ ಹೀಗಾದುದು ಎಲ್ಲರಿಗೂ ವ್ಯಸನಕರವಾದ ಸಂಗತಿ. ಹಸುವನ್ನು ಕಳೆದುಕೊಂಡವನ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ವಿಷದಿಂದ ಹೋದ ಹಸುವು ಮರಳಿ ಬರಲಿಲ್ಲ. ಹುಲಿಗಳ ಜೊತೆಗೆ ಸಂಸಾರಗಳ ನೆಮ್ಮದಿಯೂ ಹಾಳಾಯಿತು. ದನಗಳನ್ನು ಮೇಯಿಸುವವನು ನಷ್ಟವಾದ ಮೇಲೆ ಸೇಡು ತೀರಿಸಿಕೊಳ್ಳುವ ಬದಲು, ನಷ್ಟವಾಗುವುದಕ್ಕೆ ಮೊದಲೇ ಕಾವಲನ್ನು ಬಲಪಡಿಸಿಕೊಳ್ಳಬೇಕೆಂಬುದು ಈ ಲೇಖನದ ಅಭಿಪ್ರಾಯ. ಆ ಕಾವಲಿನಲ್ಲಿ ತಕ್ಕ ನಾಯಿಗೆ ಮುಖ್ಯವಾದ ಸ್ಥಾನವುಂಟು.

ಇಲ್ಲಿ ಒಂದು ಭ್ರಮೆಯನ್ನು ಮೊದಲೇ ನಿವಾರಿಸಬೇಕು. ಯಾವ ಜಾತಿಯ ನಾಯಿಯೂ ಹುಲಿಯೊಡನೆ ಕಾದಾಡಿ ಗೆಲ್ಲಲಾರದು. ಚಿರತೆಗಂತೂ ನಾಯಿಯೇ ಆಹಾರ. ಆದರೆ ಹುಲಿ ಚಿರತೆಗಳು ಹೊಂಚು ಹಾಕಿ ಹಿಡಿಯುವ ಮೃಗಗಳು. ತಾವು ಕಣ್ಣಿಗೆ ಬಿದ್ದೆವೆಂದೂ, ಮನುಷ್ಯರು ಎಚ್ಚೆತ್ತರೆಂದೂ ತಿಳಿದಾಗ ಅವು ಅನೇಕ ವೇಳೆ ಹಿಂದೆಗೆಯುತ್ತವೆ. ಆದುದರಿಂದ ನಾಯಿಯ ಕೆಲಸವು ಯುದ್ಧವಲ್ಲ, ಸುದ್ದಿ. ಮನುಷ್ಯನ ಮೂಗಿಗೂ ಕಿವಿಗೂ ನಿಲುಕದುದನ್ನು ಮುಂಚಿತವಾಗಿ ತಿಳಿದು, ಬೊಗಳಿ, ದನಗಾಹಿಯು ದನಗಳನ್ನು ಒಂದುಗೂಡಿಸುವುದಕ್ಕೆ ಅವಕಾಶ ಕೊಡುವುದೇ ಅದರ ಉಪಯೋಗ. ಆ ಬೊಗಳಿಕೆಯನ್ನು ಕೇಳುವುದಕ್ಕೆ ಮನುಷ್ಯನೊಬ್ಬನು ಹತ್ತಿರವಿರತಕ್ಕದ್ದು. ದನಗಳನ್ನು ಕಾಡಿಗೆ ಅಟ್ಟಿ ಮನೆಯಲ್ಲಿ ಕುಳಿತವನಿಗೆ ನಾಯಿಯು ಏನನ್ನೂ ಉಳಿಸಿಕೊಡಲಾರದು.

ನಾಯಿಯನ್ನು ಅಳೆಯುವುದಕ್ಕೆ ಮೊದಲು ಯಜಮಾನನು ತನ್ನ ದಿನಚರಿಯನ್ನು ಅಳೆದುಕೊಳ್ಳುವುದು ಯುಕ್ತ. ಸೂರ್ಯೋದಯದಿಂದ ಸಂಜೆಯವರೆಗೆ ದನಗಳ ಹಿಂದೆ ಕಲ್ಲುಮುಳ್ಳಿನಲ್ಲಿ ನಡೆಯುವವನು ಒಬ್ಬ. ರಾಗಿ, ಜೋಳದ ಹೊಲಗಳನ್ನು ಸುತ್ತಿ, ರಾತ್ರಿ ಅಟ್ಟಣೆಯ ಮೇಲೆ ಮಲಗುವವನು ಇನ್ನೊಬ್ಬ. ಬೆಳಿಗ್ಗೆ ಮೋಟಾರು ಬೈಸಿಕಲ್ಲಿನಲ್ಲಿ ತೋಟಕ್ಕೆ ಬಂದು ಮಧ್ಯಾಹ್ನ ಕೊಳ್ಳೇಗಾಲಕ್ಕೆ ಹಿಂದಿರುಗುವ ಜಮೀನುದಾರನು ಮತ್ತೊಬ್ಬ. ಮೂವರೂ ಚಟುವಟಿಕೆಯುಳ್ಳವರೇ, ಆದರೆ ಮೂವರಿಗೂ ಒಂದೇ ನಾಯಿಯು ಒಪ್ಪದು. ಮೊದಲನೆಯವನಿಗೆ ಬಿಸಿಲು ತಡೆಯುವ, ಮಂದೆಯನ್ನು ಬಿಟ್ಟು ಕದಲದ ನಾಯಿಯು ಬೇಕು. ಎರಡನೆಯವನಿಗೆ ಸದ್ದು ಕೇಳಿದ ಕೂಡಲೆ ಬೊಗಳುವ, ಆದರೆ ಅಟ್ಟಿಸಿಕೊಂಡು ಹೋಗದ ನಾಯಿಯು ಬೇಕು. ಮೂರನೆಯವನು ತಾನಿಲ್ಲದಾಗ ಅದಕ್ಕೆ ಅನ್ನ ನೀರನ್ನು ಕೊಟ್ಟು ಮಾತನಾಡಿಸುವ ಆಳು ಇದ್ದರೆ ಮಾತ್ರ ನಾಯಿಯನ್ನು ಸಾಕಲಿ. ದಿನವೆಲ್ಲ ಸರಪಣಿಯಲ್ಲಿ ಒಂಟಿಯಾಗಿ ಬಿದ್ದ ನಾಯಿಯು ಕ್ರಮೇಣ ಒಂದೋ ಹುಚ್ಚಾಪಟ್ಟೆ ಕಚ್ಚುತ್ತದೆ, ಇಲ್ಲವೆ ಯಾರು ಬಂದರೂ ಕಣ್ಣೆತ್ತಿ ನೋಡದು.

ಈಗ ಜಾತಿಯ ವಿಚಾರ. ಚಟುವಟಿಕೆಯ ಯಜಮಾನನಿಗೆ ಓಟದ ನಾಯಿಯೇ ಸರಿಯೆಂದು ಅನೇಕರು ತಿಳಿದಿದ್ದಾರೆ. ನಮ್ಮ ನಾಡಿನ ಓಟದ ನಾಯಿಗಳಲ್ಲಿ ಮುಧೋಳದ ನಾಯಿಯು ಸುಪ್ರಸಿದ್ಧವಾದುದು. ಗಂಡುನಾಯಿಯು ಸುಮಾರು ಎರಡೂಕಾಲು ಅಡಿ ಎತ್ತರ ಬೆಳೆದು, ತೆಳುವಾದ ಸೊಂಟ, ಆಳವಾದ ಎದೆ, ತೀಕ್ಷ್ಣವಾದ ದೃಷ್ಟಿಯುಳ್ಳದ್ದಾಗಿರುತ್ತದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವು ಈ ತಳಿಯನ್ನು ಶುದ್ಧವಾಗಿ ಕಾಪಾಡುತ್ತಿದೆ. ಇದು ನಮಗೆ ಹೆಮ್ಮೆಯ ವಿಷಯವೇ. ಆದರೆ ಮುಧೋಳದ ನಾಯಿಯು ಬಯಲುಸೀಮೆಯ ಕೂಸು. ಕಣ್ಣಿಗೆ ಬಿದ್ದುದನ್ನು ಅಟ್ಟಿಸಿಕೊಂಡು ಹೋಗುವುದೇ ಅದರ ಹುಟ್ಟುಗುಣ. ಉತ್ತರದ ಕರಿಮಣ್ಣಿನ ಬಯಲಿನಲ್ಲಿ ಗುಣವಾದ ಈ ಸ್ವಭಾವವು ಹೂಗ್ಯಂ ಕಾಡಿನ ಅಂಚಿನಲ್ಲಿ ದೋಷವಾಗುತ್ತದೆ. ಅಲ್ಲಿ ಕಡವೆಯ ಹಿಂದೆ ಓಡಿದ ನಾಯಿಯು ಚಿರತೆಯ ಬಾಯಿಗೆ ಬೀಳಬಹುದು, ಉರುಳಿಗೆ ಸಿಕ್ಕಬಹುದು, ಯಜಮಾನನ ಮೇಲೆ ಮೊಕದ್ದಮೆಯನ್ನು ತರಬಹುದು. ಅಪ್ಪಣೆಯಿಲ್ಲದೆ ಕಾಡುಮೃಗಗಳನ್ನು ನಾಯಿಗಳಿಂದ ಬೇಟೆಯಾಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು.

ಬೇಟೆನಾಯಿಯ ಕೀರ್ತಿಯು ನಮ್ಮಲ್ಲಿ ಹಳೆಯದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ. ಶ. 949–50ರ ಶಾಸನವು ಕಾಳಿಯೆಂಬ ನಾಯಿಯ ಕಥೆಯನ್ನು ಹೇಳುತ್ತದೆ. ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೇರನು ಗಂಗರ ಬೂತುಗನಿಂದ ಬಹುಮಾನವಾಗಿ ಬೇಡಿದುದು ಈ ನಾಯಿಯನ್ನು. ಅದು ದೊಡ್ಡ ಹಂದಿಯೊಂದನ್ನು ಎದುರಿಸಿ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಒಡೆಯನು ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟನು. ಅರಸುಗಳ ಕಾಲಕ್ಕೆ ಅದು ಶೋಭಿಸಿತು. ಆದರೆ ನಮ್ಮ ರೈತನಿಗೆ ಕಲ್ಲನ್ನು ನಿಲ್ಲಿಸಬೇಕಾದಂಥ ನಾಯಿಯು ಬೇಡ. ಹತ್ತು ವರ್ಷ ಬದುಕಿ, ಪ್ರತಿ ರಾತ್ರಿಯೂ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವ ನಾಯಿಯು ಬೇಕು.

ನೆರೆಯ ತಮಿಳು ಸೀಮೆಯ ನಾಯಿಗಳನ್ನು ತರುವವರೂ ಉಂಟು. ಬಿಳಿಯ ರಾಜಪಾಳೆಯಂ ನಾಯಿಯು ನಿಷ್ಠೆಯುಳ್ಳದ್ದು. ಆದರೆ ಆ ತಳಿಯಲ್ಲಿ ಹುಟ್ಟುಗಿವುಡಾದ ಮರಿಗಳು ಆಗಾಗ್ಗೆ ಕಂಡುಬರುವುದರಿಂದ, ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡದೆ ಕೊಳ್ಳಬಾರದು. ಕೆಂಪುಬಣ್ಣದ, ಕಪ್ಪುಮೂತಿಯ ಕೊಂಬೈ ನಾಯಿಯು ಕಾವಲಿಗೆ ಒಳ್ಳೆಯದಾದರೂ ಕೈ ಬಲವಾಗಿಲ್ಲದವನ ಮಾತನ್ನು ಕೇಳದು. ಚಿಪ್ಪಿಪಾರೈ ನಾಯಿಯು ಮುಧೋಳದಂತೆಯೇ ಓಟಗಾರ. ಇನ್ನು ಚಳಿದೇಶದ ದಟ್ಟ ರೋಮದ ನಾಯಿಗಳ ಮಾತು. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ನಾಲಿಗೆ ಚಾಚಿ ಏದುವುದರಿಂದಲೇ ಅದು ಮೈಯ ಕಾವನ್ನು ಬಹುಮಟ್ಟಿಗೆ ಕಳೆದುಕೊಳ್ಳಬೇಕು. ಹಿಮದ ನಾಡಿನ ನಾಯಿಯನ್ನಾಗಲಿ, ಮೊಂಡುಮೂತಿಯ ನಾಯಿಯನ್ನಾಗಲಿ ನಮ್ಮ ಬೇಸಗೆಯಲ್ಲಿ ಹೊಲಕ್ಕೆ ಕರೆದೊಯ್ಯುವುದು ಹಿಂಸೆಯೇ ಹೊರತು ಸಾಕಣೆಯಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ನಮ್ಮ ಊರುಗಳಲ್ಲಿಯೇ ಹುಟ್ಟಿ ಬೆಳೆದ, ಮಧ್ಯಮ ಗಾತ್ರದ, ಗಿಡ್ಡ ರೋಮದ ನಾಟಿನಾಯಿಯೇ ಕಾಡಂಚಿನ ರೈತನಿಗೆ ಅತ್ಯಂತ ಯೋಗ್ಯವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅದಕ್ಕೆ ಬಿಸಿಲು ಹೊಸದಲ್ಲ; ಸ್ವಲ್ಪ ಆಹಾರದಲ್ಲಿ ಬಹಳ ದೂರ ನಡೆಯುತ್ತದೆ; ಅಪರಿಚಿತರನ್ನು ಕಂಡರೆ ಬೊಗಳದೆ ಇರದು. ಆದರೆ ನಾಟಿಯೆಂದ ಮಾತ್ರಕ್ಕೆ ಸಿಕ್ಕಿದುದನ್ನು ತರುವುದಲ್ಲ. ಮೊದಲು ತಾಯಿಯನ್ನು ನೋಡಬೇಕು. ದನಗಳ ನಡುವೆ ಶಾಂತವಾಗಿದ್ದು, ಅನ್ಯರನ್ನು ಕಂಡು ಬೊಗಳಿ, ಒಡೆಯನು ಗದರಿದರೆ ಸುಮ್ಮನಾಗುವ ತಾಯಿಯ ಮರಿಯೇ ಒಳ್ಳೆಯದು. ಕೋಳಿಗಳನ್ನು ಹಿಡಿಯುವ, ರಾತ್ರಿ ಕಾಡು ತಿರುಗುವ ತಾಯಿಯ ಮರಿಯು ಉಚಿತವಾಗಿ ದೊರೆತರೂ ಬೇಡ. ಮರಿಗಳಲ್ಲಿ ಎಲ್ಲಕ್ಕಿಂತ ಪುಂಡಾದುದನ್ನೂ, ಮೂಲೆಯಲ್ಲಿ ಮುದುರಿಕೊಂಡುದನ್ನೂ ಬಿಟ್ಟು, ಸದ್ದಿಗೆ ಒಮ್ಮೆ ಬೆಚ್ಚಿ, ಬಳಿಕ ತಾನಾಗಿಯೇ ನೋಡಲು ಬರುವುದನ್ನು ಆರಿಸಬೇಕು. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು.

ಮರಿಯನ್ನು ತಂದ ಮೇಲೆ ಮನೆಯೊಳಗೆ ಮುದ್ದಾಗಿ ಬೆಳೆಸಿ, ದೊಡ್ಡದಾದ ಮೇಲೆ ಮಂದೆಗೆ ಕಳುಹಿಸುವುದು ತಪ್ಪು. ಆಫ್ರಿಕಾ ಖಂಡದ ನಮೀಬಿಯಾ ದೇಶದಲ್ಲಿ ಕುರಿಮೇಕೆಗಳನ್ನು ಹಿಡಿಯುವ ಚೀತಾಗಳನ್ನು ರೈತರು ಕೊಲ್ಲುತ್ತಿದ್ದರು. 1994ರಿಂದ ಅಲ್ಲಿ ಚೀತಾ ಸಂರಕ್ಷಣೆಯ ಸಂಸ್ಥೆಯೊಂದು ತುರ್ಕಿ ದೇಶದ ಕುರಿಕಾವಲು ನಾಯಿಗಳ ಮರಿಗಳನ್ನು ರೈತರಿಗೆ ಕೊಡುತ್ತ ಬಂದಿದೆ. ಆ ಮರಿಗಳನ್ನು ಎಳೆತನದಿಂದಲೇ ಮೇಕೆಗಳ ಹಟ್ಟಿಯಲ್ಲಿ ಬೆಳೆಸುತ್ತಾರೆ. ಮಂದೆಯನ್ನೇ ಅವು ತಮ್ಮ ಬಳಗವೆಂದು ತಿಳಿಯುತ್ತವೆ. ನಷ್ಟವು ಬಹುಮಟ್ಟಿಗೆ ತಗ್ಗಿತೆಂದು ಅಲ್ಲಿನ ರೈತರೇ ಹೇಳಿದ್ದಾರೆ. ತುರ್ಕಿಯ ನಾಯಿಯು ನಮಗೆ ಬೇಕಾಗಿಲ್ಲ, ಆ ಕ್ರಮವು ಬೇಕು. ಅದರಲ್ಲಿಯೂ ನಮ್ಮ ಗಡಿಯ ಬರಗೂರು ದನವು ಚುರುಕಾದ, ಒರಟು ಸ್ವಭಾವದ ಜಾತಿ. ಹೊಸ ನಾಯಿಯನ್ನು ಕಂಡರೆ ಕೊಂಬನ್ನು ತಗ್ಗಿಸುತ್ತದೆ. ಆದುದರಿಂದ ಮರಿಯನ್ನು ಮೊದಲು ಎಳೆಗರುಗಳ ಬಳಿ ಕಟ್ಟಿ, ಕರು ಮರಿಗಳೆರಡೂ ಒಂದರ ವಾಸನೆಯನ್ನು ಒಂದು ಅರಿತ ಮೇಲೆ ಹಟ್ಟಿಗೆ ಬಿಡಬೇಕು. ಕರುವನ್ನು ಆಟಕ್ಕೆಂದು ಅಟ್ಟಿದರೂ ಆ ಕ್ಷಣವೇ ಗದರಬೇಕು. ನಂಬತಕ್ಕ ಕಾವಲುಗಾರನಾಗುವುದಕ್ಕೆ ಅದಕ್ಕೆ ಒಂದೂವರೆ ಎರಡು ವರ್ಷಗಳು ಹಿಡಿಯುತ್ತವೆ.

ಕರೆದರೆ ಹಿಂದಿರುಗುವುದನ್ನು ಕಲಿಸುವುದು ಎಲ್ಲಕ್ಕಿಂತಲೂ ಮುಖ್ಯವಾದ ಪಾಠ. ಆನೆಯನ್ನು ಕೆಣಕಿದ ನಾಯಿಯು ಹೆದರಿದಾಗ ಓಡಿ ಬರುವುದು ಯಜಮಾನನ ಕಾಲ ಬಳಿಗೇ. ಅದರ ಬೆನ್ನಿಗೆ ಆನೆಯೂ ಬರುತ್ತದೆ. ಕರಡಿಯ ವಿಷಯದಲ್ಲಿಯೂ ಹೀಗೆಯೇ. ಈ ಪಾಠವನ್ನು ಕಲಿಯದ ನಾಯಿಯನ್ನು ಕಾಡಿನ ದಾರಿಯಲ್ಲಿ ಹಗ್ಗವಿಲ್ಲದೆ ಕರೆದೊಯ್ಯಬಾರದು. ರಾತ್ರಿಯ ವೇಳೆ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕುವುದೆಂದರೆ ಚಿರತೆಗೆ ಔತಣ ಕೊಟ್ಟಂತೆ. ಭದ್ರವಾದ ಹಟ್ಟಿಯೊಳಗೆ ದನಗಳ ಜೊತೆಗೆ ಅದೂ ಇರಲಿ. ಒಳಗಿನಿಂದ ಬೊಗಳಿದರೆ ಸಾಕು. ಹಿಮಾಲಯದ ಕುರುಬರು ಇದೇ ಭಯದಿಂದ ತಮ್ಮ ನಾಯಿಗಳ ಕುತ್ತಿಗೆಗೆ ಕಬ್ಬಿಣದ ಮುಳ್ಳುಪಟ್ಟಿಯನ್ನು ಹಾಕುವುದುಂಟು. ಸಂಖ್ಯೆಯು ಎರಡಕ್ಕೆ ಮೀರದಿರುವುದು ಲೇಸು. ಐದಾರು ನಾಯಿಗಳು ಸೇರಿದರೆ ಕಾವಲನ್ನು ಮರೆತು ಬೇಟೆಯ ಗುಂಪಾಗುತ್ತವೆ. ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿದರೆ ಅಲೆದಾಟವೂ ಕಡಿಮೆಯಾಗುತ್ತದೆ.

ಆರೋಗ್ಯದ ವಿಷಯದಲ್ಲಿ ಉದಾಸೀನವು ಕೂಡದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಮುಂದುವರಿಸಬೇಕು. ಎಂತಹ ನಾಯಿಯು ಕಚ್ಚಿದರೂ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಮಂತ್ರ, ಸೊಪ್ಪಿನ ರಸಗಳನ್ನು ನಂಬಿ ಕಾಯುವುದು ಪ್ರಾಣಾಪಾಯಕರ. ಡಿಸ್ಟೆಂಪರ್ ಎಂಬ ರೋಗದ ಲಸಿಕೆಯೂ ಅವಶ್ಯಕ. ನಾಯಿಗಳಲ್ಲಿರುವ ಈ ರೋಗವು 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಿಗೆ ಹರಡಿ, ಮೂರರಲ್ಲಿ ಒಂದು ಪಾಲು ಸತ್ತವು. 2018ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಅಳಿದಾಗಲೂ ಇದರ ಸೋಂಕು ಕಂಡುಬಂತು. ನಮ್ಮ ಕಾಡಿನ ಹುಲಿಗಳಿಗೂ ಸೀಳುನಾಯಿಗಳಿಗೂ ನಮ್ಮ ಮನೆಯ ನಾಯಿಯಿಂದ ಆ ಕೇಡು ತಗುಲಬಾರದು. ಆಹಾರದಲ್ಲಿ ಬರಿಯ ಮುದ್ದೆ ಮಜ್ಜಿಗೆಯು ದುಡಿಯುವ ನಾಯಿಗೆ ಸಾಲದು; ಮೊಟ್ಟೆಯನ್ನೋ ಬೇಯಿಸಿದ ಮಾಂಸವನ್ನೋ ಸೇರಿಸಬೇಕು. ಕೊಯ್ದ ಆಡುಕುರಿಗಳ ಹಸಿಯ ಕರುಳನ್ನು ಎಸೆಯಬಾರದು. ಅದರಿಂದ ಮನುಷ್ಯರಿಗೂ ಹರಡುವ ಹುಳುವಿನ ಬಾಧೆಯು ಬೆಳೆಯುತ್ತದೆ.

ಗ್ರಾಮದ ಯಜಮಾನರೂ ಜಮೀನುದಾರರೂ ಇದರಲ್ಲಿ ಮುಂದಾಳುಗಳಾಗಬೇಕೆಂದು ಪ್ರಾರ್ಥಿಸುತ್ತೇವೆ. ವರ್ಷಕ್ಕೊಮ್ಮೆ ಪಶುವೈದ್ಯರನ್ನು ಕರೆಸಿ ಊರಿನ ಎಲ್ಲ ನಾಯಿಗಳಿಗೂ ಲಸಿಕೆಯನ್ನು ಹಾಕಿಸುವುದು, ಒಳ್ಳೆಯ ತಾಯಿನಾಯಿಯ ಮರಿಗಳು ದನಗಾಹಿಗಳ ಕೈಸೇರುವಂತೆ ಮಾಡುವುದು ಅವರಿಗೆ ಕಷ್ಟವಲ್ಲ. ಇಷ್ಟೆಲ್ಲ ಎಚ್ಚರವಹಿಸಿದರೂ ಒಮ್ಮೊಮ್ಮೆ ಹಸುವು ಹೋಗಬಹುದು. ಆಗ ಕಳೇಬರವನ್ನು ಮುಟ್ಟದೆ, ಕೂಡಲೆ ಅರಣ್ಯ ಇಲಾಖೆಗೆ ತಿಳಿಸಿ, ಪಂಚನಾಮೆ ಮಾಡಿಸಿ, ಪರಿಹಾರಕ್ಕೆ ಅರ್ಜಿಯನ್ನು ಕೊಡಿಸುವ ಹೊಣೆಯನ್ನು ಊರಿನ ಹಿರಿಯರು ಹೊರಬೇಕು. ಬಡವನೊಬ್ಬನೇ ಕಚೇರಿಗಳನ್ನು ಅಲೆಯುವಂತಾದರೆ ಅವನ ಮನಸ್ಸು ವಿಷದ ಕಡೆಗೆ ತಿರುಗುತ್ತದೆ. ಹಿರಿಯರು ಜೊತೆಯಲ್ಲಿ ನಿಂತರೆ ತಿರುಗುವುದಿಲ್ಲ. ಹಟ್ಟಿಯಲ್ಲಿ ತಕ್ಕ ನಾಯಿಯೂ, ಮಂದೆಯ ಬಳಿ ಮನುಷ್ಯನೂ, ಊರಿನಲ್ಲಿ ಆಸರೆಯೂ ಇದ್ದರೆ, ಹೂಗ್ಯಂ ಸೀಮೆಯಲ್ಲಿ ಇನ್ನೊಮ್ಮೆ ಅಂತಹ ಜೂನ್ ತಿಂಗಳು ಬರಬೇಕಾದ ಕಾರಣವಿಲ್ಲ.