ದೀಪಕ್ಕೆ ತಕ್ಕ ವಿದ್ಯುತ್ಕೋಶ

ಕತ್ತಲೆಯನ್ನು ಗೆಲ್ಲಲು ಮಾನವನು ಕಂಡುಕೊಂಡ ಸಾಧನಗಳಲ್ಲಿ ಕೈದೀಪವು ಚಿಕ್ಕದಾದರೂ ಅದರ ಉಪಕಾರ ಚಿಕ್ಕದಲ್ಲ. ಪುತ್ತೂರು, ಸುಳ್ಯ, ಕಡಬ ಸೀಮೆಯ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದೊಂದು ಮನೆಯೂ ತನ್ನ ಅಡಿಕೆ ತೋಟದ ಅಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ಹಿಂದೆ ತೆಂಗಿನ ಗರಿಯ ಸೂಟೆ ಬೀಸುತ್ತ ನಡೆದ ಹಾದಿಯಲ್ಲಿ ಇಂದು ಟಾರ್ಚು ಹಿಡಿದು ನಡೆಯುತ್ತೇವೆ. ಹಾವಿನ ಭಯವಂತೂ ಹಳೆಯದು. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಇಂತಹ ನೆಲದಲ್ಲಿ ಕತ್ತಲೆಯಲ್ಲಿ ಹೊರಡುವವರಿಗೆ ಟಾರ್ಚು ಆಟದ ಸಾಮಾನಲ್ಲ.

ಆದರೆ ಟಾರ್ಚಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ದೀಪವಲ್ಲ, ಒಳಗಿನ ವಿದ್ಯುತ್ಕೋಶ. ಆಗ ನಾವು ಟಾರ್ಚನ್ನೇ ಎಸೆಯುತ್ತೇವೆ, ಇಲ್ಲವೆ ಕೈಗೆ ಸಿಕ್ಕಿದ ಕೋಶವನ್ನು ತುರುಕುತ್ತೇವೆ. ಮೊದಲನೆಯದು ದುಂದು, ಎರಡನೆಯದು ಅಪಾಯ. ತಕ್ಕ ಕೋಶವನ್ನು ಆರಿಸುವ ತಿಳಿವಳಿಕೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ನೋಡತಕ್ಕದ್ದು ಕೋಶದ ಜಾತಿ. ಚಾರ್ಜು ಮಾಡುವ ಅನೇಕ ಅಗ್ಗದ ಟಾರ್ಚುಗಳಲ್ಲಿ 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಹೊಸ ಬಗೆಯ ಟಾರ್ಚುಗಳಲ್ಲಿಯೂ, ತರುಣರು ಹವ್ಯಾಸಕ್ಕಾಗಿ ಜೋಡಿಸುವ ಬೆಳಕಿನ ಕತ್ತಿಗಳಲ್ಲಿಯೂ ಬಹುಮಟ್ಟಿಗೆ 3.7 ವೋಲ್ಟಿನ ಲಿಥಿಯಂ-ಅಯಾನ್ ಕೋಶವಿರುತ್ತದೆ. ಅಂಕಿಗಳು ಹತ್ತಿರವೆಂದು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಗದು. ಸೀಸದ ಬ್ಯಾಟರಿಯ ಚಾರ್ಜರು ಸುಮಾರು 4.8 ವೋಲ್ಟಿನವರೆಗೆ ಏರಬಲ್ಲುದು. ಸಾಮಾನ್ಯ ಲಿಥಿಯಂ-ಅಯಾನ್ ಕೋಶವಾದರೋ 4.2 ವೋಲ್ಟನ್ನು ಮೀರಬಾರದು. ಮೀರಿದರೆ ಅದು ಕಾಯ್ದು ಹೊತ್ತಿಕೊಳ್ಳಲೂಬಹುದು.

ಎರಡನೆಯದು ಗಾತ್ರ. ‘18650’ ಎಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ; ಕೊನೆಯ ಸೊನ್ನೆ ಉರುಳೆಯಾಕಾರದ ಗುರುತು. ಆದರೆ ಗಾತ್ರ ಹೊಂದಿದ ಮಾತ್ರಕ್ಕೆ ಕೋಶ ಹೊಂದಿತೆನ್ನಲಾಗದು. ‘14500’ ಲಿಥಿಯಂ ಕೋಶವು ಗಡಿಯಾರದ ಪೆನ್ಸಿಲ್ ಸೆಲ್ಲಿನಷ್ಟೇ ಇದೆ. ಒತ್ತಡ ಮಾತ್ರ ಅದರ 1.5 ವೋಲ್ಟಿಗೆ ಎರಡು ಪಟ್ಟು ಮೀರಿದ್ದು.

ಮೂರನೆಯದು ಸಾಮರ್ಥ್ಯ. ಮೋಸ ಹೆಚ್ಚಾಗಿ ನಡೆಯುವುದು ಇಲ್ಲಿಯೇ. ‘9900 ಮಿಲಿಆಂಪಿಯರ್-ಗಂಟೆ’ ಎಂದು ಮುದ್ರಿಸಿದ 18650 ಕೋಶಗಳು ಮಾರಾಟಕ್ಕಿವೆ. ಲೆಕ್ಕ ಹಾಕಿ ನೋಡೋಣ. 9.9 ಆಂಪಿಯರ್-ಗಂಟೆಯನ್ನು 3.7 ವೋಲ್ಟಿನಿಂದ ಗುಣಿಸಿದರೆ 36.6 ವಾಟ್-ಗಂಟೆ. ಕೋಶದ ತೂಕ 45 ಗ್ರಾಂ ಎಂದಿಟ್ಟುಕೊಂಡರೆ ಕಿಲೋಗ್ರಾಮಿಗೆ 800 ವಾಟ್-ಗಂಟೆಗೂ ಮೇಲಾಯಿತು! ಈ ಗಾತ್ರದ ಉತ್ತಮ ಕೋಶವೊಂದು ಸುಮಾರು 3500 ಮಿಲಿಆಂಪಿಯರ್-ಗಂಟೆಯದು. ಅದು ಕಿಲೋಗ್ರಾಮಿಗೆ 260ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೊದಿಕೆಯ ಮೇಲೆ ಏನನ್ನಾದರೂ ಮುದ್ರಿಸಬಹುದು. ರಸಾಯನಶಾಸ್ತ್ರ ಅದನ್ನು ಒಪ್ಪಬೇಕಲ್ಲ!

ಇನ್ನು ಪ್ರವಾಹದ ಮಾತು. 10 ವಾಟಿನ ದೀಪವು 3.7 ವೋಲ್ಟಿನ ಕೋಶದಿಂದ 2.7 ಆಂಪಿಯರ್ ಸೆಳೆಯುತ್ತದೆ. ಅಷ್ಟನ್ನು ಸತತವಾಗಿ ಕೊಡಬಲ್ಲ ಕೋಶವೇ ಬೇಕು. ಸಾಧನದಲ್ಲಿ ರಕ್ಷಣಾ ಮಂಡಲವಿಲ್ಲದಿದ್ದರೆ ಅದುಳ್ಳ ಕೋಶವನ್ನೇ ಕೊಳ್ಳಬೇಕು. ಅಂತಹುದು ಕೆಲವು ಮಿಲಿಮೀಟರ್ ಉದ್ದವಾಗಿರುವುದರಿಂದ ಹಿಡಿಕೆಯ ಅಳತೆಯನ್ನು ಮೊದಲೇ ನೋಡಿಕೊಳ್ಳುವುದು ಲೇಸು. ಭಾರತೀಯ ಮಾನಕ ಬ್ಯೂರೋದ ‘ಐ.ಎಸ್. 16046’ ಗುರುತನ್ನೂ ಹುಡುಕಬೇಕು. ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತು ಹೊಸ ಹೊದಿಕೆ ತೊಡಿಸಿದ ಕೋಶ ಅಗ್ಗವೆಂದು ಮರುಳಾಗಬಾರದು.

ಸತ್ತ ಕೋಶವನ್ನು ತೋಟದ ಗೊಬ್ಬರದ ಗುಂಡಿಗಾಗಲಿ ಬಚ್ಚಲೊಲೆಗಾಗಲಿ ಹಾಕತಕ್ಕದ್ದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬೇರೆಯಾಗಿಟ್ಟು ಒಪ್ಪಿಸುವ ಹೊಣೆ ಬಳಸಿದವರದು.

ಓಮನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಮನೆಯ ಟಾರ್ಚನ್ನು ಬಿಚ್ಚಿ ನೋಡುವುದು ಅಪರೂಪ. ಪ್ರತಿ ಪ್ರೌಢಶಾಲೆಯೂ ಒಂದು ದಿನ ವೋಲ್ಟ್‌ಮಾಪಕವನ್ನೂ ತಕ್ಕಡಿಯನ್ನೂ ಮೇಜಿನ ಮೇಲಿಟ್ಟು, ಅಂಗಡಿಯ ಕೋಶವೊಂದರ ಸತ್ಯಾಸತ್ಯವನ್ನು ಮಕ್ಕಳಿಂದಲೇ ಪರೀಕ್ಷಿಸಿಸಲಿ. ಆ ಪಾಠವನ್ನು ಅವರು ಮರೆಯಲಾರರು. ಅವರ ಮನೆಯವರು ಇರುಳಿನಲ್ಲಿ ದಾರಿಯ ನಡುವೆ ಕತ್ತಲಾಗದೆ ನಡೆದಾರು.