ಆ ಚಪ್ಪಟೆ ಗೆರೆ ಇನ್ನೂ ಉದ್ದ ಇದೆ, ಮೇಷ್ಟ್ರೇ

ಭಾಗ 1

ಮೊದಲ ಫೋಟೋ ನೋಡಿ. ಅಕ್ಕನ ಮಗಳ ನೋಟ್‌ಬುಕ್ಕು, ಒಂಬತ್ತನೇ ಕ್ಲಾಸು. ಐಸನ್ನು ಒಂದೇ ಸಮ ಕಾಯಿಸ್ತಾ ಹೋದರೆ ತಾಪ ಹೇಗೆ ಏರುತ್ತೆ ಅನ್ನೋ ಗ್ರಾಫು. ಗೆರೆ ಹಾಳೆಯ ಅಂಚು ದಾಟಿ, ಗೋಂದಲ್ಲಿ ಅಂಟಿಸಿದ ಇನ್ನೊಂದು ಹಾಳೆಗೆ ಹೋಗಿಬಿಟ್ಟಿದೆ. ಪಕ್ಕದಲ್ಲಿ ಕೆಂಪು ಇಂಕಲ್ಲಿ ‘ಪುಸ್ತಕದಲ್ಲಿ ಇರುವಂತೆ ಬರೆ’ ಅಂತಿದೆ. ಒಂದು ಅಂಕ ಕಟ್.

ಎರಡನೇ ಫೋಟೋ ನಾನು ಬರೆದದ್ದು. ಬೋರ್ಡಿನ ಮೇಲೆ, ಗೈಡಲ್ಲಿ, ಟ್ಯೂಷನ್ ನೋಟ್ಸಲ್ಲಿ ನೀವೂ ನೂರು ಸಲ ನೋಡಿರ್ತೀರಿ. ಮುದ್ದಾದ ಮೆಟ್ಟಿಲು. ಕರಗುವಾಗ ಒಂದು ಚಪ್ಪಟೆ ಗೆರೆ, ಕುದಿಯುವಾಗ ಇನ್ನೊಂದು, ಎರಡೂ ಹೆಚ್ಚುಕಮ್ಮಿ ಒಂದೇ ಅಳತೆ.

ನಾನು ಹೇಳೋದು ಇಷ್ಟೇ: ಹುಡುಗಿ ಬರೆದದ್ದು ಸರಿ. ಮೆಟ್ಟಿಲು ಸುಳ್ಳು.

ಭಾಗ 2

ಲೆಕ್ಕ ಅವಳೇ ಹಾಕಿದ್ದಾಳೆ, ನಾನು ಬರೀ ನಕಲು ಮಾಡ್ತಿದೀನಿ. ಒಂದು ಕೆಜಿ ಐಸು, ಮೈನಸ್ 20 ಡಿಗ್ರಿಯಲ್ಲಿ. ಅದನ್ನ ಸೊನ್ನೆಗೆ ತರೋಕೆ ಸುಮಾರು 42 ಕಿಲೋಜೂಲ್. ಸೊನ್ನೆಯಲ್ಲೇ ನಿಲ್ಲಿಸಿ ಪೂರ್ತಿ ಕರಗಿಸೋಕೆ 334. ಆ ನೀರನ್ನ ಸೊನ್ನೆಯಿಂದ 100ಕ್ಕೆ ಏರಿಸೋಕೆ 418. ಆಮೇಲೆ 100ರಲ್ಲೇ ಇದ್ದು ಪೂರ್ತಿ ಆವಿ ಆಗೋಕೆ? 2260.

ಇನ್ನೊಂದು ಸಲ ಓದಿ. 334 ಎಲ್ಲಿ, 2260 ಎಲ್ಲಿ? ಕರಗೋ ಗೆರೆಯನ್ನ ಮೂರು ಸೆಂಟಿಮೀಟರ್ ಬರೆದರೆ ಕುದಿಯೋ ಗೆರೆ ಇಪ್ಪತ್ತು ಸೆಂಟಿಮೀಟರ್ ಇರಬೇಕು. ಹಾಳೆ ಸಾಲಲ್ಲ, ಅದಕ್ಕೇ ಪಾಪ ಗೋಂದು.

‘ಅದು ಬರೀ ಮಾದರಿ ಚಿತ್ರ ಸಾರ್, ಸ್ಕೇಲ್ ಇರಲ್ಲ’ ಅಂತ ಕೆಲವರು ಹೇಳ್ತಾರೆ. ಸರಿ, ಇರಲಿ. ಆದರೆ ಸ್ಕೇಲ್ ಹಾಕಿ ತಂದ ಮಗುವಿಗೆ ಅಂಕ ಕಿತ್ಕೊಂಡಿದ್ದು ಯಾವ ನ್ಯಾಯ? ಮಾದರಿ ಚಿತ್ರವನ್ನ ಸತ್ಯ ಅಂತ ನಂಬಿದ್ದಕ್ಕೇ ಆ ಕೆಂಪು ಇಂಕು ಬಂದದ್ದು.

ಭಾಗ 3

ಗೆರೆಯ ಉದ್ದಕ್ಕೆ ಯಾಕಿಷ್ಟು ಜಗಳ ಅಂತೀರಾ? ಅಮ್ಮನ ಬಲಗೈ ಮೇಲೆ ಒಂದು ಕಲೆ ಇದೆ. ಇಡ್ಲಿ ಪಾತ್ರೆಯ ಮುಚ್ಚಳವನ್ನ ತನ್ನ ಕಡೆಗೇ ಎತ್ತಿದ್ದು. ‘ಬರೀ ಹಬೆ ತಾನೇ’ ಅಂತ ಅರಿಶಿನ ಹಚ್ಚಿಕೊಂಡು ಕೂತರು. ಎರಡು ವಾರ ಆ ಕೈಯಲ್ಲಿ ಚಪಾತಿ ಲಟ್ಟಿಸೋಕೆ ಆಗಲಿಲ್ಲ.

ಒಂದು ಗ್ರಾಂ ಕುದಿಯೋ ನೀರು ಚರ್ಮಕ್ಕೆ ಬಿದ್ದು ಮೈ ಬಿಸಿಗೆ ಇಳಿಯುವಾಗ ಕೊಡೋದು 270 ಜೂಲ್ ಆಸುಪಾಸು. ಅದೇ ಒಂದು ಗ್ರಾಂ ಹಬೆ ಮೊದಲು ನೀರಾಗಬೇಕು. ಹಾಗಾಗುವಾಗಲೇ 2260 ಜೂಲನ್ನ ಕೈಗೆ ಸುರೀತದೆ. ಆಮೇಲೆ ಆ 270 ಬೇರೆ. ಎರಡರ ತಾಪವೂ 100ರ ಹತ್ತಿರವೇ, ಆದರೆ ಕೊಡೋ ಶಾಖ ಒಂಬತ್ತು ಪಟ್ಟು. ಆ ಇಪ್ಪತ್ತು ಸೆಂಟಿಮೀಟರ್ ಗೆರೆ ಹಿಂದಕ್ಕೆ ಓಡೋದು ಹೀಗೆ. ಮೆಟ್ಟಿಲು ಚಿತ್ರದಲ್ಲಿ ಇದು ಎಲ್ಲಿ ಕಾಣುತ್ತೆ ಹೇಳಿ.

(ಮುಚ್ಚಳ ಎತ್ತುವಾಗ ಆಚೆ ಬದಿ ಮೊದಲು ಎತ್ತಿ. ಸುಟ್ಟರೆ ತಣ್ಣೀರು, ನಲ್ಲಿ ಕೆಳಗೆ, ಇಪ್ಪತ್ತು ನಿಮಿಷ. ಅರಿಶಿನ, ಟೂತ್‌ಪೇಸ್ಟು ಬೇಡ.)

ಭಾಗ 4

ಈಗ ಗ್ಯಾಸಿನ ವಿಷಯ. ಬೇಳೆ ಕುದಿ ಬಂದ ಮೇಲೂ ದೊಡ್ಡ ಉರಿಯಲ್ಲೇ ಬಿಡೋರು ಕೈ ಎತ್ತಿ. ನಾನೂ ಎತ್ತಿದೀನಿ, ಬಿಡಿ.

ತೆರೆದ ಪಾತ್ರೆಯಲ್ಲಿ ಕುದಿಯೋ ನೀರು ನೀವು ಎಷ್ಟು ಉರಿ ಕೊಟ್ಟರೂ ಬಿಸಿ ಏರಲ್ಲ. ಸಮುದ್ರ ಮಟ್ಟದಲ್ಲಿ 100, ನಮ್ಮ ಬೆಂಗಳೂರಿನ ಎತ್ತರದಲ್ಲಿ 97ರ ಆಸುಪಾಸು. ಅಲ್ಲಿಗೆ ನಿಂತಿತು. ಬೇಳೆಗೆ ಗೊತ್ತಾಗೋದು ತಾಪ ಮಾತ್ರ, ನಿಮ್ಮ ಅವಸರ ಅದಕ್ಕೆ ಗೊತ್ತಾಗಲ್ಲ. ಹೆಚ್ಚಿನ ಉರಿ ಅಣುಗಳನ್ನ ಒಂದರಿಂದೊಂದು ಬಿಡಿಸಿ ಕಿಟಕಿಯಾಚೆ ಕಳಿಸುತ್ತೆ, ಅಷ್ಟೇ. ಎಷ್ಟು ನಷ್ಟ? ಪಾತ್ರೆಯ ನೀರಲ್ಲಿ ಸುಮಾರು ಏಳನೇ ಒಂದು ಪಾಲು ಸುಮ್ಮನೆ ಆವಿಯಾಗಿ ಹೋಯ್ತು ಅಂದ್ಕೊಳ್ಳಿ. ಮೊದಲು ಅಷ್ಟೂ ನೀರನ್ನ ತಣ್ಣಗಿನಿಂದ ಕುದಿ ತರಿಸೋಕೆ ಎಷ್ಟು ಶಾಖ ಬೇಕಾಗಿತ್ತೋ ಅಷ್ಟೇ ಶಾಖ ಮತ್ತೊಮ್ಮೆ ಖರ್ಚಾಯ್ತು. ಕುದಿ ಬರೋ ತನಕ ದೊಡ್ಡ ಉರಿ ಇಡಿ, ತಕರಾರಿಲ್ಲ. ಬಂದ ಮೇಲೆ ಸಿಮ್, ಮೇಲೊಂದು ಮುಚ್ಚಳ.

ಕುಕ್ಕರ್ ಬೇಗ ಬೇಯಿಸೋದಕ್ಕೂ ಕಾರಣ ಉರಿಯಲ್ಲ. ಒತ್ತಡ ಹೆಚ್ಚಿ ಚಪ್ಪಟೆ ಗೆರೆಯೇ ಮೇಲಕ್ಕೆ ಸರಿಯುತ್ತೆ, 120ರ ಹತ್ತಿರ. ಒಮ್ಮೆ ಒತ್ತಡ ತುಂಬಿದ ಮೇಲೆ ಮತ್ತೆ ಮತ್ತೆ ಸೀಟಿ ಹಾಕಿಸೋದು ಅಂದ್ರೆ ಕಾಸು ಕೊಟ್ಟು ಕಾಯಿಸಿದ ಹಬೆಯನ್ನ ಮನೆಗೆ ಹಂಚೋದು.

ಭಾಗ 5

ಇದು ನನಗೆ ಇಷ್ಟವಾದ ಭಾಗ, ಓದದೇ ಮುಂದೆ ಹೋಗಬೇಡಿ.

ಅಜ್ಜಿ ಬೆಣ್ಣೆ ಕಾಯಿಸೋದನ್ನ ನೆನಪು ಮಾಡ್ಕೊಳ್ಳಿ. ಬೆಣ್ಣೆ ಕರಗಿತು, ನೊರೆ ಬಂತು, ಚಟಪಟ ಸದ್ದು ಶುರುವಾಯ್ತು. ಆ ಸದ್ದು ಬೆಣ್ಣೆಯೊಳಗಿನ ನೀರಿನದ್ದು. ನೀರು ಇರೋ ತನಕ ಶಾಖವನ್ನೆಲ್ಲ ಅದೇ ನುಂಗಿಕೊಂಡು ಆವಿ ಆಗ್ತಿರುತ್ತೆ, ಬಾಣಲೆಯ ತಾಪ 100 ದಾಟಿ ಜಾಸ್ತಿ ಏರೋದಿಲ್ಲ. ಅಜ್ಜಿ ಆರಾಮಾಗಿ ಪಕ್ಕದವರ ಜೊತೆ ಮಾತಾಡ್ತಾ ಕೂತಿರ್ತಾಳೆ. ಸದ್ದು ತಗ್ಗಿತು ಅನ್ನೋ ಕ್ಷಣಕ್ಕೆ ಮಾತು ಅರ್ಧಕ್ಕೇ ಬಿಟ್ಟು ಎದ್ದು ಓಡ್ತಾಳೆ. ಯಾಕೆ? ನೀರು ಮುಗೀತು, ಚಪ್ಪಟೆ ಗೆರೆ ಮುಗೀತು, ಇನ್ನು ತಾಪ ಸರ್ರನೆ ಏರುತ್ತೆ. ಒಂದು ನಿಮಿಷ ತಡವಾದರೆ ತುಪ್ಪ ಕರಕಲು.

ಅವಳ ಕೈಯಲ್ಲಿ ಥರ್ಮಾಮೀಟರ್ ಇರಲಿಲ್ಲ, ಕಿವಿಯಲ್ಲೇ ಗ್ರಾಫ್ ಓದ್ತಿದ್ದಳು. ಮಂಡ್ಯದ ಆಲೆಮನೆಯಲ್ಲೂ ಇದೇ. ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುತ್ತೆ, ತಾಪ ಏರೋದು ತೀರ ನಿಧಾನ. ನೀರು ಹೋಗಿ ಪಾಕ ಗಟ್ಟಿಯಾದಂತೆ ಕುದಿಯೋ ಬಿಂದುವೇ ಮೇಲೇರಿ 118ರ ಸುಮಾರಿಗೆ ಬಂದಾಗ ಇಳಿಸ್ತಾರೆ. ಅಂದ್ರೆ ಶುದ್ಧ ನೀರಿನ ಗೆರೆ ಮಾತ್ರ ಚಪ್ಪಟೆ, ಪಾಕದ ಗೆರೆ ಓರೆ. ಅಡುಗೆಯವರು ಒಂದೆಳೆ, ಎರಡೆಳೆ ಅಂತ ಬೆರಳಲ್ಲಿ ಅಳೆಯೋದು ಈ ಓರೆಯನ್ನೇ. ಅಲ್ಲಿ ನೀರು ಓಡಿಸೋದೇ ಕೆಲಸ, ಆದ್ದರಿಂದ ದೊಡ್ಡ ಉರಿ ಬೇಕು. ಬೇಳೆಗೆ ಬೇಡ. ಈ ವ್ಯತ್ಯಾಸ ಯಾವ ಪ್ರಶ್ನೆಪತ್ರಿಕೆಯಲ್ಲಾದರೂ ಕೇಳಿದ್ದು ನೋಡಿದೀರಾ?

ಭಾಗ 6

ಕೇಳೋದು ಇದನ್ನ: ‘ಕುದಿಯುವಾಗ ತಾಪ ಏಕೆ ಬದಲಾಗುವುದಿಲ್ಲ? ಎರಡು ಅಂಕ.’ ಉತ್ತರ: ‘ಗುಪ್ತೋಷ್ಣದಿಂದ.’ ಇದು ಉತ್ತರ ಅಲ್ಲ, ಹೆಸರು. ‘ಮಗು ಯಾಕೆ ಅಳ್ತಿದೆ’ ಅಂತ ಕೇಳಿದರೆ ‘ಅಳುವಿನಿಂದ’ ಅಂದ ಹಾಗೆ.

ಆ ಹೆಸರಿನ ಹಿಂದಿರೋದು ಜೋಸೆಫ್ ಬ್ಲ್ಯಾಕ್, 1760ರ ದಶಕ, ಗ್ಲಾಸ್ಗೋ. ಅವರು ಶುರು ಮಾಡಿದ್ದೇ ಕಣ್ಣೆದುರಿನ ವಿಷಯದಿಂದ. ಸೊನ್ನೆ ಮುಟ್ಟಿದ ಹಿಮ ಇನ್ನು ಚೂರೇ ಚೂರು ಶಾಖಕ್ಕೆ ಕರಗೋದಾಗಿದ್ದರೆ, ಬಿಸಿಲು ಬಂದ ದಿನ ಎಲ್ಲ ಒಟ್ಟಿಗೆ ಕರಗಿ ಪ್ರವಾಹವೇ ಬರಬೇಕಿತ್ತು. ಬರಲ್ಲ. ವಾರಗಟ್ಟಲೆ ನಿಧಾನ ಕರಗುತ್ತೆ. ಹಾಗಾದರೆ ಅಷ್ಟು ಶಾಖ ಎಲ್ಲಿ ಹೋಯ್ತು ಅಂತ ಕೇಳಿ, ಅಳೆದರು. ನಮ್ಮ ಹುಡುಗಿ ಮಾಡಿದ್ದೂ ಅದೇ ತಾನೇ?

ಮೇಷ್ಟ್ರ ಮೇಲೆ ನನಗೆ ದ್ವೇಷ ಇಲ್ಲ. ಐವತ್ತು ನೋಟ್‌ಬುಕ್ಕು, ಸಿಲಬಸ್ ಮುಗಿಸೋ ಒತ್ತಡ, ಗೊತ್ತು. ಆದರೂ ಆ ಅಂಕ ವಾಪಸ್ ಬೇಕು. ಸೋಮವಾರ ನಾನೇ ಶಾಲೆಗೆ ಹೋಗ್ತಿದೀನಿ, ನೋಟ್‌ಬುಕ್ ಜೊತೆ ಒಂದು ಬಟ್ಟಲು ಬೆಣ್ಣೆ, ಒಂದು ಸಣ್ಣ ಸ್ಟೋವ್ ತಗೊಂಡು. ಸದ್ದು ನಿಲ್ಲೋ ತನಕ ಜೊತೆಗೆ ಕೂತು ಕೇಳಿ ಅಂತ ಕೇಳ್ಕೊಳ್ತೀನಿ.

#ಗುಪ್ತೋಷ್ಣ #ಅಡುಗೆಮನೆವಿಜ್ಞಾನ #ಒಂದಂಕವಾಪಸ್‌ಕೊಡಿ